ನೀಲಿ ಹತ್ತದ ಬೆರಳಚ್ಚು

ಬೆಳಕು ಹರಿಯುವ ಮುಂಚೆಯೇ ವೆಬ್ಖೆತ್ ಮಣಿ ಸುಡುವ ಗೂಡಿನ ಬಾಯಿಗೆ ಮೆತ್ತಿದ ಮಣ್ಣನ್ನು ಕೆರೆಯುತ್ತಿದ್ದಾಳೆ. ನೈಲ್‌ನ ಪಡುದಡದ ನಮ್ಮ ಊರಿನಲ್ಲಿ ಕತ್ತು, ಸೊಂಟಗಳ ಮೇಲೆ ಹೊಳೆಯುವ ನೀಲಿ ಮಣಿಗಳೆಲ್ಲ ಈಕೆಯ ಕೈಯವೇ. ಆದರೆ ಮಣಿ ಯಾರದೆಂದು ಕೇಳಿದರೆ ಜನ ಹಾಕಿಕೊಂಡವರ ಹೆಸರು ಹೇಳುತ್ತಾರೆ. ಪಕ್ಕದ ಮನೆಯವಳಾದ ನನಗೆ ಮೊದಲಿನಿಂದಲೂ ಇದೇ ಸಿಟ್ಟು.

ಬೆಣಚುಕಲ್ಲನ್ನು ನುಣ್ಣಗೆ ಅರೆದು, ಸವಳುಪ್ಪು, ತಾಮ್ರದ ಪುಡಿ ಬೆರೆಸಿ ನಾದುತ್ತಾಳೆ. ಹುಲ್ಲುಕಡ್ಡಿಗೆ ಸುತ್ತಿದರೆ ಮಣಿ, ಅಚ್ಚಿಗೆ ಒತ್ತಿದರೆ ತಾಯಿತ. ಒಣಗುವಾಗ ಮೈಮೇಲೆ ಉಪ್ಪು ಬೆಳ್ಳಗೆ ಅರಳುತ್ತದೆ. ಬೆಂಕಿಯಲ್ಲಿ ನೀಲಿ ಹೊಳಪಾಗುವುದು ಅದೇ. ಅಷ್ಟರೊಳಗೆ ಕೈ ತಾಗಿ ಉಪ್ಪು ಉದುರಿದರೆ ಕೆಟ್ಟಿತು.

ಈ ಸಲ ತಾಗಿದೆ. ಎದುರುಮನೆಯ ಹುನೆರೊಳ ಸೊಸೆ ಮೆರುತ್‌ಗೆ ದಿನ ತುಂಬಿದೆ. ಹೋದ ಸಲ ಮಗು ಉಳಿಯಲಿಲ್ಲ. ಅದಕ್ಕೇ ಹುನೆರೊ, ಬಸುರಿಯರನ್ನು ಕಾಯುವ ತವೆರೆತ್ ತಾಯಿಯ ತಾಯಿತ ಹೇಳಿ ಮಾಡಿಸಿದ್ದಳು. ಒಣಗಿತೇ ಎಂದು ನೋಡಲು ಬಂದವಳು ಭಕ್ತಿಯಿಂದ ದೇವಿಯ ಹೊಟ್ಟೆ ಸವರಿಬಿಟ್ಟಳು. ಈಗ ಮೆರುತ್‌ಗೆ ನೋವು ಶುರುವಾಗಿದೆ, ಹೊಸದು ಮಾಡಲು ಹೊತ್ತಿಲ್ಲ.

ಗೂಡು ತೆರೆಯುತ್ತದೆ. ದೇವಿಯ ಮೈಯೆಲ್ಲ ನೀಲಿ, ಹೊಟ್ಟೆಯ ಮೇಲೆ ಮಾತ್ರ ಬೆರಳಗಲದ ಬಿಳಿ ಕಲೆ.

“ಅಯ್ಯೋ ವೆಬ್ಖೆತಕ್ಕಾ, ನನ್ ಕೈ ಮುರ್ದೋಗ!” ಹುನೆರೊ ಅಳುತ್ತಾಳೆ.

“ಆಮೇಲೆ ಮುರ್ಕೊಳ್ಳುವಂತೆ. ಈಗ ಅದೇ ಕೈಲಿ ತಗೊಂಡು ಓಡು!”

ನಾನೂ ಹಿಂದೆಯೇ ಓಡುತ್ತೇನೆ. ಹೆರುವಾಗ ಕಾಲೂರಲೆಂದು ಇಟ್ಟ ಇಟ್ಟಿಗೆಗಳ ಮೇಲೆ ಕುಕ್ಕರುಗಾಲಲ್ಲಿ ಕೂತ ಮೆರುತ್ ಕಲೆಯನ್ನು ನೋಡಿ ಕೇಳುತ್ತಾಳೆ: “ಇದು ನಿಮ್ ಬೆರಳಾ ಅತ್ತೆ? ಹಂಗಾದ್ರೆ ಬೇಗ ಕಟ್ಟಿ. ತಾಯಿ ಜೊತೆ ನೀವೂ ಹಿಡ್ಕೊಂಡಂಗಾಗುತ್ತೆ.”

ಬಿಸಿಲು ಗೋಡೆಗೆ ಬರುವಷ್ಟರಲ್ಲಿ ಕೂಸಿನ ಅಳು ಓಣಿಗೆಲ್ಲ ಕೇಳುತ್ತದೆ. ಹೆಣ್ಣು, ಗಟ್ಟಿಮುಟ್ಟಾಗಿದೆ. ನಾನು ಸುದ್ದಿ ತಂದಾಗ ವೆಬ್ಖೆತ್ ಗೂಡಿನ ಬೂದಿಯಲ್ಲೇ ಕುಸಿದು ಕೂತು ನಗುತ್ತಾಳೆ. ನನಗಂತೂ ಹೋದ ಜೀವ ಬಂದಂತಾಗುತ್ತದೆ.

ಈಗ ಊರಿನ ಬಸುರಿಯರಿಗೆಲ್ಲ ಬೆರಳಚ್ಚಿರುವ ತಾಯಿತವೇ ಬೇಕು. ಸವರಿಸಲು ಹುನೆರೊಳನ್ನೇ ಕರೆತರುತ್ತಾರೆ. “ಇಷ್ಟು ವರ್ಷ ಚೆನ್ನಾಗಿರೋದು ಮಾಡ್ದೆ, ಮಾಡಿದ್ಯಾರು ಅಂತ ಒಬ್ರೂ ಕೇಳ್ಲಿಲ್ಲ. ಕೆಟ್ಟಿದ್ದೊಂದಕ್ಕೆ ಮನೆ ಮುಂದೆ ಜಾತ್ರೆ!” ಎಂದು ವೆಬ್ಖೆತ್ ಗೊಣಗುತ್ತಾಳೆ. “ಆ ಮುದುಕೀನ ಒಣಗಾಕಿರೋದ್ರ ಹತ್ರ ಬಿಡ್ಬೇಡಿ, ಅಷ್ಟು ಸಾಕು ನಂಗೆ.”

ಒಣಹಾಕಿದ ಹಲಗೆಯತ್ತ ನೋಡುತ್ತೇನೆ. ತಾಯಿತವೊಂದರ ಹೊಟ್ಟೆಯ ಮೇಲೆ ಆಗಲೇ ಬೆರಳ ಗುರುತಿದೆ.

“ಇದ್ಯಾರು ಮುಟ್ಟಿದ್ದು?”

ವೆಬ್ಖೆತ್ ಹೆಬ್ಬೆರಳಿಗೆ ಅಂಟಿದ ಉಪ್ಪನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

“ನಾನೇ. ಬೆರಳು ಬೇಕು ಅಂದ್ರಲ್ಲ, ಮಾಡಿದೋಳ್ದೇ ಇರ್ಲಿ.”