ಅಲಮಾರಿಯೊಳಗಿನ ನೆಟ್‌ವರ್ಕ್

ಸತ್ಯಭಾಮಾಬಾಯಿ ಬರುವಾಗ ಮೊದಲು ಕೇಳಿಸುವುದು ಅವರ ಕೀಲಿ ಗೊಂಚಲು, ಆಮೇಲೆ ಕಾಣುವುದು ಅವರು. ಮಲ್ಲಟದಿಂದ ಮುಂದಿನ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿಗೆ ಅವರೇ ಮುಖ್ಯೋಪಾಧ್ಯಾಯಿನಿ. ಹಳ್ಳಿಯ ಹೆಸರು ಹೇಳಲಾರೆ. ಹೇಳಿದರೆ ರಾಯಚೂರಿನ ನನ್ನ ಅಂಗಡಿಗೂ ಬೀಗ ಹಾಕಿಸಿಯಾರು.

ಬಾಯಿಯವರು ಹುಟ್ಟಿದ್ದು ಮಾನ್ವಿಯ ಅರ್ಚಕರ ಮನೆಯಲ್ಲಿ. ಗುಡಿಯ ಬೀಗ ಎಳೆದು ನೋಡಿ, ಅರ್ಧ ದಾರಿ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುವ ತಂದೆಯನ್ನು ಕಂಡು ಬೆಳೆದವರು. ಮೊದಲ ನೌಕರಿ ದೇವದುರ್ಗದ ಕಡೆ. ಅಲ್ಲಿ ಶಾಲೆಯ ರೇಡಿಯೋ ಕಳುವಾಗಿ, ಮೇಲಿನವರಿಗೆ ವಿವರಣೆ ಬರೆದು ಬರೆದು ಕೈ ಸೋತಿತಂತೆ. ಅಂದಿನಿಂದ ಗಂಟೆ ಹೊಡೆಯುವ ಕೋಲಿಗೂ ಬೀಗ. ಗಿರಾಕಿಯನ್ನು ನಂಬದಿರುವುದೇ ನನ್ನ ಕಸುಬು. ಆದರೂ ಬಾಯಿಯವರ ಪಕ್ಕದಲ್ಲಿ ನಿಂತರೆ ನಾನು ಧರ್ಮಛತ್ರ.

ಶಾಲೆಗೆ ಗಣಿತದ ಮಾಸ್ತರರಿಲ್ಲದೆ ವರ್ಷಗಳೇ ಆಗಿದ್ದವು. ಬಾಯಿಯವರು ಕಚೇರಿ ಅಲೆದು, ಹಟ ಹಿಡಿದು, ಡಿಜಿಟಲ್ ಪಾಠಕ್ಕೆ ತಮ್ಮ ಶಾಲೆಯನ್ನು ಸೇರಿಸಿದರು. ರಾಯಚೂರಿನಲ್ಲಿ ಕುಳಿತು ಸುಮಧ್ವ ಮಾಸ್ತರರು ಕಲಿಸುವುದು, ಇಲ್ಲಿ ಟೀವಿಯಲ್ಲಿ ಮಕ್ಕಳು ನೋಡುವುದು. ಶಾಲೆಯ ಹಳೆಯ ಇಂಟರ್ನೆಟ್ ಲೈನಿಗೆ ಆ ಶಕ್ತಿ ಇರಲಿಲ್ಲ. ಹೊಸ ಕೇಬಲ್ಲು, ಹೊಸ ವೈಫೈ ಡಬ್ಬಿ ನನ್ನ ಅಂಗಡಿಯಿಂದ ಹೋದವು. ಜೋಡಿಸಿದವನು ದೇವದುರ್ಗದ ಜಿಲಾನಿ ಪಾಷಾ, ಮೊದಲು ಮನೆಮನೆಗೆ ಟೀವಿ ಕೇಬಲ್ಲು ಎಳೆಯುತ್ತಿದ್ದವನು. ಸೋಮವಾರ ಅಧಿಕಾರಿಗಳು ನೋಡಲು ಬರುವವರಿದ್ದರು. ಪಾಠ ನಡೆಯದಿದ್ದರೆ ಸಾಮಾನೆಲ್ಲ ಬೇರೆ ಶಾಲೆಗೆ.

ಶುಕ್ರವಾರ ಬಾಯಿಯವರ ಫೋನು ಬಂತು: ಚಿತ್ರ ನಿಂತುಬಿಡುತ್ತಿದೆ. ಶನಿವಾರ ನಾವಿಬ್ಬರೂ ಹೋದೆವು. ಜಿಲಾನಿ ಸೀದಾ ಹೊರಗಿನ ಕಂಬ ಹತ್ತಿದ. ನಾನು ಆಫೀಸಿನಲ್ಲಿ ಕುಳಿತು ಬೈಗುಳ ಸ್ವೀಕರಿಸಿದೆ.

"ಸಾವ್ಕಾರ್ರೇ, ಹಳೇ ಮಾಲು ಸಾಗಹಾಕೀರಿ ನಮಗ."

"ಹೊಸಾದ್ರೀ ಬಾಯಾರೇ. ನಿಮ್ಮ ಮುಂದೇ ಪ್ಯಾಕ್ ಒಡದೀವಲ್ರಿ."

ಅಷ್ಟರಲ್ಲಿ ಹತ್ತನೆಯ ತರಗತಿಯ ಮೌನೇಶ್ವರಿ ಬಾಗಿಲಿಗೆ ಬಂದಳು. "ಟೀಚರ್, ಚಾಕ್‌ಪೀಸ್ ಬೇಕ್ರಿ."

ಬಾಯಿಯವರು ಕಬ್ಬಿಣದ ಅಲಮಾರಿ ತೆಗೆದು ಒಂದು ಕೊಟ್ಟು, ಬೀಗ ಹಾಕಿ, ಎಳೆದು ನೋಡಿದರು. ಸ್ವಲ್ಪ ಹೊತ್ತಿಗೆ ಹುಡುಗಿ ಮತ್ತೆ ಬಂದಳು, ಮತ್ತೆ ಒಂದು ಪಡೆದಳು. ಮತ್ತೊಮ್ಮೆ ಬಂದಾಗ ಬಾಯಿಯವರ ಕೈ ಬೀಗದ ಮೇಲೇ ನಿಂತಿತು.

"ಕಲಿಸೋ ಮಾಸ್ತರ್ ರಾಯಚೂರಾಗ. ಇಲ್ಲಿ ಬೋರ್ಡ್ ಮ್ಯಾಲೆ ಬರಿಯೋರು ಯಾರೂ ಇಲ್ಲ. ಚಾಕ್‌ಪೀಸ್ ತಿನ್ನಾಕತ್ತೀರೇನು?"

ಮೌನೇಶ್ವರಿ ನೆಲ ನೋಡಿದಳು. "ನೀವು ಅಲಮಾರಿ ತಗದ್ರ ಸರ್ ಮಾತಾಡ್ತಾರ್ರೀ. ಹಾಕಿದ್ರ ಬಾಯಿ ತಕ್ಕೊಂಡು ಹಂಗೇ ನಿಂತುಬಿಡ್ತಾರ."

"ಮೊದಲೇ ಹೇಳಬಾರ್ದೇನು?"

"ನೀವು ಬೈತೀರಂತ ಯಾರೂ ಹೇಳಲಿಲ್ರಿ."

ಬಾಯಿಯವರು ಅಲಮಾರಿ ತೆರೆದರು. ಪಕ್ಕದ ಕೋಣೆಯಿಂದ ಸುಮಧ್ವರ ದನಿ ಹರಿದು ಬಂತು. ಮುಚ್ಚಿದರು, ದನಿ ನಿಂತಿತು. ಮತ್ತೆ ತೆರೆದು ಮುಚ್ಚಿದರು. ಕೊನೆಯ ಸಲ ಬರೀ ಮಜಾಕ್ಕೆ ಮುಚ್ಚಿದರೆಂದು ನನ್ನ ಗುಮಾನಿ. ಒಳಗೆ ಇಣುಕಿದೆ. ಚಾಕ್‌ಪೀಸಿನ ಡಬ್ಬಗಳ ನಡುವೆ ನನ್ನ ವೈಫೈ ಡಬ್ಬಿ, ಟವೆಲ್ ಹಾಸಿಗೆಯ ಮೇಲೆ ಕುಳಿತಿತ್ತು. ಜಿಲಾನಿ ಗೋಡೆಗೆ ಜಡಿದು ಹೋದ ಸಂಜೆಯೇ ಬಾಯಿಯವರು ವೆಲ್ಡಿಂಗಿನವನನ್ನು ಕರೆಸಿ, ಅಲಮಾರಿಯ ಬೆನ್ನಿಗೆ ತೂತು ಹೊಡೆಸಿ, ವೈರು ಎಳೆಸಿ ಒಳಗಿಟ್ಟಿದ್ದರು.

ಕಂಬ ಇಳಿದು ಬಂದ ಜಿಲಾನಿ ಹಣೆ ಚಚ್ಚಿಕೊಂಡ. "ಕಬ್ಬಿಣದೊಳಗ ಹಾಕಿದ್ರ ಅದು ಹ್ಯಾಂಗ ಉಸಿರಾಡಬೇಕ್ರಿ ಅಮ್ಮಾರೇ?"

"ಗೋಡಿ ಮ್ಯಾಲೆ ಬಿಟ್ರ ಕಳ್ಳರು ಉಸಿರಾಡ್ತಾರ."

ಅಲಮಾರಿ ತೆರೆದಿಟ್ಟರೆ ಶಾಲೆಯ ಸಾಮಾನೆಲ್ಲ ಬಯಲು; ಮುಚ್ಚಿದರೆ ಸೋಮವಾರ ಗಣಿತ ಬೇರೆ ಊರಿಗೆ. ಬಾಯಿಯವರು ಅಲಮಾರಿಯ ಕಬ್ಬಿಣವನ್ನು ಕೀಲಿಯಿಂದ ಕುಟ್ಟಿ ನೋಡಿದರು. ಆಮೇಲೆ, "ಜಿಲಾನಿ, ಕಟ್ಟಿಗಿ ಆದ್ರ ನಡೀತದೇನಪಾ?" ಎಂದರು.

ಭಾನುವಾರ ಮಾನ್ವಿಯ ತವರಿನಿಂದ ಆಟೋದಲ್ಲಿ ಹಳೆಯ ತೇಗದ ದೇವರ ಮಂಟಪ ಬಂತು. ದೇವರು ಹೊಸ ಮಂಟಪಕ್ಕೆ ಹೋಗಿದ್ದರಿಂದ ಅಟ್ಟದ ಮೇಲೆ ಖಾಲಿ ಬಿದ್ದಿತ್ತು. ಮುಂದೆ ಜಾಲರಿ ಕೊರೆದ ಕಟ್ಟಿಗೆಯ ಬಾಗಿಲು, ಅದಕ್ಕೊಂದು ಕೊಂಡಿ. ಜಿಲಾನಿ ಅದನ್ನು ತರಗತಿಯ ಗೋಡೆಯ ಮೇಲೆ ಎತ್ತರಕ್ಕೆ ಕೂಡಿಸಿ ಡಬ್ಬಿ ಒಳಗಿಟ್ಟ. ಬೀಗ ಮಾತ್ರ ಬಾಯಿಯವರೇ ಏಣಿ ಹತ್ತಿ ಹಾಕಿ, ಎಳೆದು ನೋಡಿದರು.

ಸೋಮವಾರ ಅಧಿಕಾರಿಗಳು ಬಾಗಿಲಲ್ಲೇ ಬೂಟು ಬಿಚ್ಚಿದರು. ಜಾಲರಿಯ ಹಿಂದೆ ಮಿನುಗುವ ಹಸಿರು ದೀಪಕ್ಕೆ ಕೈಮುಗಿದು, "ಇದು ಯಾವ ದೇವರ್ರೀ ಬಾಯಾರೇ?" ಎಂದರು.

"ಗಣಿತದ್ದು," ಅಂದರು ಬಾಯಿಯವರು.

ಸುಮಧ್ವರು ಒಮ್ಮೆಯೂ ಬಾಯಿ ತೆರೆದು ನಿಲ್ಲದೆ ಇಡೀ ಪಾಠ ಮುಗಿಸಿದರು. ಅಧಿಕಾರಿಗಳು ಬೂಟು ಹಾಕಿಕೊಳ್ಳುತ್ತ, ಸಾಮಾನು ಇಲ್ಲೇ ಇರಲಿ ಎಂದರು.

ಅವರ ಜೀಪು ಹೋದ ಮೇಲೆ ಮೌನೇಶ್ವರಿ ಮತ್ತೆ ಆಫೀಸಿಗೆ ಬಂದಳು. "ಟೀಚರ್, ಚಾಕ್‌ಪೀಸ್ ಬೇಕ್ರಿ."

"ಇನ್ನ ಯಾಕಬೇ?"

"ಸರ್ ಕೊಟ್ಟ ಲೆಕ್ಕ ಮಾಡಾಕ್ರೀ."

ಬಾಯಿಯವರು ಅಲಮಾರಿ ತೆಗೆದು ಆವತ್ತು ಎರಡು ಕೊಟ್ಟರು.