ಈರುಳ್ಳಿ ಮಂಡಿಯ ಮೇಲಿನ ಸಂಸ್ಥಾನ

ಮೊನ್ನೆ ಗುಂಡ್ಲುಪೇಟೆಯಿಂದ ನಮ್ಮ ಚಾಮರಾಜನಗರದ ಮನೆಗೆ ಒಂದು ಮೂಟೆ ಈರುಳ್ಳಿ ಬಂತು. ಕಳಿಸಿದವನು ಹಳೆಯ ಸ್ನೇಹಿತ ಶಿವರುದ್ರ, ಇಳಿಸಿಹೋದವನು ಯಾವುದೋ ಲಾರಿಯ ಡ್ರೈವರು. ಮೂಟೆಯ ಹೊಲಿಗೆ ಬಿಚ್ಚಿದ್ದೇ ತಡ, ಗೋಣಿಯ ಧೂಳು, ಒಣಗಿದ ಸಿಪ್ಪೆ, ತಳದಲ್ಲೆಲ್ಲೋ ಕೊಳೆಯುತ್ತಿರುವ ಗಡ್ಡೆ, ಮೂರೂ ಸೇರಿದ ವಾಸನೆ ಮೂಗಿಗೆ ಹೊಡೆಯಿತು. "ಯಾರ್ರೀ ಇದನ್ನ ಆಯ್ದಿದ್ದು? ಕಣ್ಣು ಮುಚ್ಕೊಂಡು ತುಂಬಿದ್ದಾರೆ" ಎಂದಳು ನನ್ನ ಹೆಂಡತಿ. ಆ ಕ್ಷಣದಲ್ಲಿ ನಾನು ಅಡುಗೆಮನೆಯಲ್ಲಿರಲಿಲ್ಲ. ತೊಂಬತ್ತರ ದಶಕದ ಗುಂಡ್ಲುಪೇಟೆಯಲ್ಲಿ, ಶಿವರುದ್ರನ ಮಂಡಿಯ ಮೇಲಿನ ಕೋಣೆಯಲ್ಲಿ, ಒಂದು ಸಂಸ್ಥಾನವನ್ನು ಆಳುತ್ತಿದ್ದೆ.

ಗಾಬರಿಯಾಗಬೇಡಿ. ಆಳುತ್ತಿದ್ದೆ ಎಂದರೆ ಆಡಿಸುತ್ತಿದ್ದೆ. ಆಗ ನಾನು ಅಲ್ಲಿನ ಶಾಲೆಯೊಂದರಲ್ಲಿ ಚರಿತ್ರೆಯ ಮೇಷ್ಟರು. ಹೆದ್ದಾರಿಯಲ್ಲಿ ಬೇಕರಿ ಇಟ್ಟಿದ್ದ ಮಲಯಾಳಿ ವರ್ಗೀಸನ ಬೆಂಚಿನ ಮೇಲೆ, ಬಂಡೀಪುರಕ್ಕೆ ಹೊರಟಿದ್ದ ವಿದೇಶಿ ಹುಡುಗರು ಒಂದು ಚೀಲ ಮರೆತು ಹೋದರು. ಒಂದು ಮಳೆಗಾಲ ಕಾದರೂ ಯಾರೂ ವಾಪಸು ಬರಲಿಲ್ಲ. ಒಳಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ. "ಮಾಷೇ, ಇದು ಬೈಬಲ್ ಅಲ್ಲ, ಖಂಡಿತ ಅಲ್ಲ" ಎಂದು ವರ್ಗೀಸ ಅದನ್ನು ನನ್ನ ಕೈಗೆ ದಾಟಿಸಿ ನಿರಾಳನಾದ.

ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ ಮೇಲೆ ತಿಳಿಯಿತು: ಅದೊಂದು ಆಟ. ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬ ಕಥೆ ಹೇಳಬೇಕು. ಉಳಿದವರು ತಲಾ ಒಬ್ಬೊಬ್ಬ ವೀರನಾಗಿ ಕಥೆಯೊಳಗೆ ಇಳಿದು, ತಮ್ಮ ವೀರ ಈಗ ಏನು ಮಾಡುತ್ತಾನೆ ಎಂದು ಹೇಳಬೇಕು. ಆದೀತೋ ಆಗದೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಆಯಿತು, ಸಣ್ಣದು ಬಿದ್ದರೆ ಇಲ್ಲ. ಇಷ್ಟೇ ಧರ್ಮಶಾಸ್ತ್ರ. ಕಥೆ ಹೇಳುವವನು ತನ್ನ ಆಟಗಾರರ ರುಚಿ ಅರಿತು ಬಡಿಸಬೇಕು ಎಂಬ ಅಂಶವೂ ಅದರಲ್ಲಿತ್ತು. ನಾನು ಅದನ್ನು ಮದುವೆಮನೆಯ ಅಡುಗೆಭಟ್ಟನ ಗಾಂಭೀರ್ಯದಿಂದ ಸ್ವೀಕರಿಸಿದೆ.

ನನ್ನ ಪಂಕ್ತಿಯಲ್ಲಿದ್ದವರು ಮೂವರು. ವರ್ಗೀಸನಿಗೆ ಬೇಕಾದದ್ದು ಹೊಡೆದಾಟ. ಮುಂದೆ ಕರಡಿ ಬಂದರೂ ಹೊಡೆದ, ಸನ್ಯಾಸಿ ಬಂದರೂ ಹೊಡೆದ. ಒಂದು ಭಾನುವಾರ ಬೀಗ ಹಾಕದ ಬಾಗಿಲೊಂದರ ಜೊತೆ ಸಂಜೆಯವರೆಗೆ ಕಾದಾಡಿ ಸೋತ. ಶಿವರುದ್ರ ಮಂಡಿಯ ಯಜಮಾನ, ಹತ್ತಿರದ ಹಂಗಳ ಗ್ರಾಮದಲ್ಲಿ ಜಮೀನಿದ್ದವನು. ಅವನಿಗೆ ದರ್ಬಾರು ಬೇಕು. ಛತ್ರಿ, ಚಾಮರ, ಕಾಣಿಕೆ, ಎಲ್ಲಕ್ಕೂ ಕ್ರಮ. ಹಿಮ ಮುಸುಕಿದ ಬೆಟ್ಟದ ಮೇಲೆ ನಾನೊಂದು ಕೋಟೆ ಕಟ್ಟಿಕೊಟ್ಟಾಗ ಅದರ ಆಸ್ಥಾನದ ಕಟ್ಟಳೆಗಳನ್ನು ಅವನೇ ಹೇಳಿ ಬರೆಸಿದ್ದ. "ಕೇಳಾಕ್ ಬಂದೋನು ಮೆಟ್ಲು ಕೆಳ್ಗೆ ನಿಂತ್ಕಂಡು ಕೇಳ್ಬೇಕು ಕಣಿ ಮೇಷ್ಟ್ರೇ. ಮ್ಯಾಲೆ ಅತ್ತುಸ್ಕಂಡ್ರೆ ಅದೆಂತಾ ದರ್ಬಾರು?" ನಾನು ಒಪ್ಪಿದೆ. ರುಚಿ ಅವನದು, ಕೋಣೆಯೂ ಅವನದು.

ಮೂರನೆಯವನು ನಿಂಗರಾಜು. ಅವನೂ ಹಂಗಳದವನೇ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ತಾಯಿ ಶಿವರುದ್ರನ ಮಂಡಿಯಲ್ಲಿ ಕೆಟ್ಟ ಈರುಳ್ಳಿ ಆಯ್ದು ಬೇರೆ ಮಾಡುವ ಹೆಂಗಸರ ಸಾಲಿನಲ್ಲಿ ಕೂರುತ್ತಿದ್ದಳು. ಶಿವರುದ್ರ, ನಿಂಗರಾಜು ಒಂದೇ ವಯಸ್ಸಿನವರು. ಆದರೂ ಒಬ್ಬ 'ಅಣ್ಣ', ಇನ್ನೊಬ್ಬ 'ಲೇ ನಿಂಗ'. ಕಾಫಿ ವರ್ಗೀಸನ ಬೇಕರಿಯಿಂದ, ವರ್ಗೀಸನ ಗ್ಲಾಸುಗಳಲ್ಲೇ ಬರುತ್ತಿದ್ದುದರಿಂದ ಯಾರ ಲೋಟ ಯಾರಿಗೆ ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ನಾನು ಮಕ್ಕಳಿಗೆ ಚರಿತ್ರೆ ಹೇಳಿಕೊಡುವ ವಿದ್ವಾಂಸ. ಆ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದೆ.

ನಿಂಗರಾಜುವಿನ ರುಚಿ ನನಗೆ ಬಹಳ ದಿನ ತಿಳಿಯಲಿಲ್ಲ. ಅವನು ಹೊಡೆಯಲಾರ, ಮೆರೆಯಲಾರ. ಕಥೆಯಲ್ಲಿ ಯಾವ ಊರು ಬಂದರೂ ಮೊದಲು ಕೇಳುತ್ತಿದ್ದದ್ದು, "ಈ ಊರ್ನಲ್ಲಿ ಬಾವಿ ಎಲ್ಲದೆ ಮೇಷ್ಟ್ರೇ? ಯಾರ್ಯಾರು ನೀರು ಸೇದ್ತಾರೆ?" ಮೊದಮೊದಲು ಬೇಜಾರಾಯಿತು. ಆಮೇಲೆ ಅಡುಗೆಭಟ್ಟನ ಛಲ ಬಂತು. ಅವನಿಗೆಂದೇ ಊರುಗಳನ್ನು, ಬಾವಿಗಳನ್ನು, ಬಾವಿಯ ಬಳಿ ಜಗಳವಾಡುವ ಮುದುಕಿಯರನ್ನು ಸೃಷ್ಟಿಸಿದೆ. ಅವನ ವೀರ ಕತ್ತಿ ಎತ್ತದೆ ಎಲ್ಲರ ಅಹವಾಲು ಕೇಳುತ್ತ ಓಡಾಡಿದ. ಕಥೆಯ ಜನ ಅವನನ್ನು ನೆಚ್ಚಿಕೊಂಡರು.

ಇಲ್ಲಿ ವೀರರ ಹೆಸರಿನ ವಿಷಯ ಹೇಳಬೇಕು. ಪುಸ್ತಕದಲ್ಲಿದ್ದ ಹೆಸರುಗಳು ನಮ್ಮ ನಾಲಿಗೆಗೆ ಹೊರಳಲಿಲ್ಲ. ಹೊಸದಾಗಿ ಹುಟ್ಟಿದವನಿಗೆ ತಾತನ ಹೆಸರಿಡುವುದು ನಮ್ಮ ಕಡೆಯ ಪದ್ಧತಿ. "ವೀರನೂ ಉಟ್ಟೋನೇ ತಾನೆ? ತಾತನ ಎಸ್ರು ಮಡ್ಗನ" ಎಂದ ಶಿವರುದ್ರ. ಹಾಗಾಗಿ ಅವನ ವೀರ ಗುರುಮಲ್ಲಪ್ಪನಾದ, ವರ್ಗೀಸನದು ಔಸೇಪ್ಪು, ನಿಂಗರಾಜುವಿನದು ಕರಿನಿಂಗ. ವಿದೇಶಿ ಹುಡುಗರು ಬೇಕಾದಷ್ಟು ತಪ್ಪು ಮಾಡಿಯಾರು, ಈ ತಪ್ಪು ಮಾಡಲಾರರು. ನಿಜವಾದ ಕರಿನಿಂಗ ನಿಜವಾದ ಗುರುಮಲ್ಲಪ್ಪನವರ ಹೊಲದಲ್ಲಿ ಜೀತಕ್ಕಿದ್ದವನು ಎಂಬುದು ಮೂವರಲ್ಲಿ ಇಬ್ಬರಿಗೆ ಗೊತ್ತಿತ್ತು. ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಮತ್ತೊಂದು ಭಾನುವಾರ, ಕಥೆಯಲ್ಲಿ, ಬೆಟ್ಟದ ಕೋಟೆಯ ಮುದಿ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ಜನ ಸೇರಿ ಕರಿನಿಂಗನನ್ನು ಗದ್ದುಗೆಯ ಮೇಲೆ ಕೂರಿಸಿದರು. ಕಥೆಗೆ ಬೇರೆ ದಾರಿಯೇ ಇರಲಿಲ್ಲ. ಬಾವಿಗಳ ಬಳಿ ಓಡಾಡಿದವನು ಅವನೊಬ್ಬನೇ. ಅಷ್ಟರಲ್ಲಿ ದೂರದ ದಾರಿ ಸವೆಸಿದ ಗುರುಮಲ್ಲಪ್ಪನ ಎತ್ತಿನ ಸಾಲು ನೀರಿಲ್ಲದೆ ಕೋಟೆಯ ಬಾಗಿಲಿಗೆ ಬಂತು. ಕೇಳದೆಯೇ ಒಳಗೆ ನುಗ್ಗುತ್ತೇನೆಂದು ಶಿವರುದ್ರ ದಾಳ ಉರುಳಿಸಿದ. ಎರಡು ಬಿತ್ತು. ಕೇಳಲೇಬೇಕಾಯಿತು.

"ಏನು ಮಾಡ್ತೀಯಯ್ಯ ದೊರೆಯೇ?" ಎಂದೆ ನಾನು, ನಾಟಕದ ದನಿಯಲ್ಲಿ.

ನಿಂಗರಾಜು ಕಾಫಿಯ ಗ್ಲಾಸು ಕೆಳಗಿಟ್ಟ. "ನೀರು ಕೊಡ್ತೀನಿ. ಮೆಟ್ಲು ಕೆಳ್ಗೆ ನಿಂತ್ಕಂಡು ಕೇಳ್ಲಿ."

ಶಿವರುದ್ರ ಮೊದಲು ನಕ್ಕ. "ಏನ್ಲಾ ನಿಂಗ, ಯಾರ್ಗೆ ಯೋಳ್ತಿದೀಯೆ?"

"ನಿನ್ಗಲ್ಲ ಕಣಣ್ಣ. ಗುರುಮಲ್ಲಪ್ಪಂಗೆ."

"ಅದು ನಮ್ ತಾತ ಕಣ್ಲಾ."

"ಕರಿನಿಂಗ್ನೂ ನಮ್ ತಾತನೆಯಾ. ಕೂದ್ಲು ಬೆಳ್ಳಗಾಗೋಗಂಟ ನಿಮ್ ಜಗ್ಲಿ ಕೆಳ್ಗೆ ನಿಂತಿದ್ದೋನು. ನಾನು ಒಂದ್ ಗಳ್ಗೆ ಕೇಳ್ತಿವ್ನಿ. ಅದೂವೆ ಆಟ್ದಲ್ಲಿ."

ಕೆಳಗೆ ಮಂಡಿಯಲ್ಲಿ ಯಾರೋ ಮೂಟೆ ಎತ್ತಿಹಾಕಿದ ಸದ್ದು ಕೇಳಿತು. ವರ್ಗೀಸ ಒಳ್ಳೆಯ ಮನುಷ್ಯ, ಪಾಪ. "ನಾನು ಬಾಗಿಲು ಒಡೆದುಬಿಡ್ತೀನಿ ಮಾಷೇ, ಎಲ್ಲಾ ಶರಿಯಾಗುತ್ತೆ" ಎಂದ. 

ಶಿವರುದ್ರ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ದಾಳ ಎಲ್ಲೋ ಪಕ್ಕಕ್ಕೆ ಉಳ್ಳೋಯ್ತು. ಇನ್ನೊಂದ್ ಸಲ ಉಳ್ಳುಸ್ತೀನಿ."

ದಾಳ ಚಾಪೆಯ ನಡುವೆಯೇ ಇತ್ತು. ಎರಡು ಎಂಬ ಅಂಕಿ ಸೂರು ನೋಡುತ್ತ ಮಲಗಿತ್ತು. ರುಚಿಗೆ ತಕ್ಕಂತೆ ಬಡಿಸುವ ನನ್ನ ವಿದ್ಯೆ ಅಲ್ಲಿ ಸೋತಿತು. ಒಬ್ಬನ ಎಲೆಗೆ ಬಡಿಸಿದರೆ ಇನ್ನೊಬ್ಬನ ಎಲೆಯಿಂದ ಎತ್ತಬೇಕು. ನಾನು ಎದೆಯುಬ್ಬಿಸಿ, ಧರ್ಮಾಧಿಕಾರಿಯ ಹಾಗೆ, "ಬಿದ್ದ ಅಂಕಿ ಬಿದ್ದದ್ದೇ" ಎಂದೆ.

ಶಿವರುದ್ರ ಸಿಟ್ಟಾಗಲಿಲ್ಲ. ಎದ್ದು ಪಂಚೆ ಕೊಡವಿಕೊಂಡ. "ಮುಂದ್ಲ ವಾರದಿಂದ ಈ ರೂಮು ಮಾಲು ತುಂಬಾಕ್ ಬೇಕು ಮೇಷ್ಟ್ರೇ" ಎಂದ, ಬಹಳ ಮರ್ಯಾದೆಯಿಂದ. ಮುಂದಿನ ಭಾನುವಾರ ಮೆಟ್ಟಿಲ ಬಾಗಿಲಿಗೆ ಬೀಗವಿತ್ತು. ವರ್ಗೀಸ ಅದನ್ನು ನೋಡಿ ಸುಮ್ಮನೆ ಹಿಂತಿರುಗಿದ. ಈ ಬಾಗಿಲಿನ ಜೊತೆ ಅವನು ಕಾದಾಡಲಿಲ್ಲ.

ಕೆಲವು ದಿನದ ಮೇಲೆ ಬಸ್ ಸ್ಟಾಂಡಿನಲ್ಲಿ ನಿಂಗರಾಜು ಸಿಕ್ಕ. ಅಭಿನಂದನೆ ಬಂದೀತೆಂದು ಮುಖ ಸಿದ್ಧಮಾಡಿಕೊಂಡೆ.

"ನೀವು ಅಣ್ಣಂಗೆ ಇನ್ನೊಂದ್ ಸಲ ಉಳ್ಳುಸಾಕ್ ಬುಟ್ಟಿದ್ರೆ ಆಗೋದು ಮೇಷ್ಟ್ರೇ" ಎಂದ.

"ನ್ಯಾಯ ಬೇಡವೇನಯ್ಯ?"

"ನ್ಯಾಯ ಯೋಳ್ಬುಟ್ಟು ನೀವು ಬಸ್ ಅತ್ಕಂಡ್ ಓಯ್ತೀರಿ. ನಾವು ಇಲ್ಲೇ ಇರ್ಬೇಕಲ್ಲ. ಅವತ್ತಿಂದ ನಮ್ಮವ್ವನ್ನ ಮಂಡಿಗೆ ಕರ್ದಿಲ್ಲ."

ಬೇರೆ ಮಂಡಿಯವರೂ ಅವಳನ್ನು ಕರೆಯಲಿಲ್ಲವೆಂದು ಆಮೇಲೆ ತಿಳಿಯಿತು. ಒಂದು ಮಂಡಿಯ ಮಾತು ಇನ್ನೊಂದು ಮಂಡಿಗೆ ಬಹಳ ಬೇಗ ಅರ್ಥವಾಗುತ್ತದೆ. ಬಸ್ಸು ಬಂತು. ನಾನು ಹತ್ತುವಾಗ ಅವನು ಹಿಂದಿನಿಂದ, ಸಣ್ಣಗೆ ನಗುತ್ತ ಹೇಳಿದ: "ಅವ್ವಂಗೆ ಎಲ್ಲಾ ಯೋಳ್ದೆ ಮೇಷ್ಟ್ರೇ. ಬಯ್ನಿಲ್ಲ. 'ಕಡ್ಗೂ ಮೆಟ್ಲು ಕೆಳ್ಗೆ ನಿಂತ್ಕಂಡ್ನಾ ಮೊಗ?' ಅಂತ ಕೇಳುದ್ಲು. ಇಲ್ಲ ಕಣವ್ವ, ಅಷ್ಟ್ರೊಳ್ಗೆ ಎದ್ದೋದ ಅಂದೆ."

ಆಮೇಲೆ ನನಗೆ ವರ್ಗವಾಯಿತು. ಪುಸ್ತಕ ಗೆದ್ದಲಿನ ಪಾಲಾಯಿತು. ದಾಳ ಎಲ್ಲಿದೆಯೋ ತಿಳಿಯದು, ಹುಡುಕಲೂ ಇಲ್ಲ.

ಮೂಟೆ ಬಂದ ದಿನ ಸಂಜೆ ಶಿವರುದ್ರನ ಫೋನು ಬಂತು. ದನಿ ದಪ್ಪಗಾಗಿದೆ, ಮರ್ಯಾದೆ ಹಾಗೇ ಇದೆ. "ಮೇಷ್ಟ್ರೇ, ಆ ಆಟ ಇನ್ನೊಂದ್ ಸಲ ಆಡನ ಕಣಿ. ರೂಮು ಖಾಲಿ ಮಾಡುಸ್ತೀನಿ. ನಿಂಗರಾಜ್‌ನೂ ಮೈಸೂರಿಂದ ಕರ್ಸನ, ಈಗ ದೊಡ್ಡ ಸಾಯೇಬ ಆಗವ್ನಲ್ಲ. ಏನ್ ದಿನ ಅವು! ನಾನು ಗದ್ಗೆ ಮ್ಯಾಲೆ ಕೂತಿದ್ದು, ಇವ್ನು ಕೆಳ್ಗೆ ನಿಂತ್ಕಂಡು ನೀರು ಕೇಳಿದ್ದು... ಗ್ಯಾಪ್ಕ ಅದಾ?"

ಅವನು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದ. ಅದೇ ನನ್ನನ್ನು ಕಂಗೆಡಿಸಿದ್ದು. ನಾನು ಬಡಿಸಲು ಒಪ್ಪದ್ದನ್ನು ಅವನೇ ಇಷ್ಟು ವರ್ಷದಲ್ಲಿ ತನ್ನ ರುಚಿಗೆ ಅಟ್ಟುಕೊಂಡು ಉಂಡಿದ್ದ; ಹೊಟ್ಟೆಯೂ ತುಂಬಿತ್ತು. 'ಹೌದು ಹೌದು' ಎಂಬ ಮಾತು ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರ ರುಚಿ ನೋಡಿಯೇ ನಾನು ನಿವೃತ್ತನಾದವನು.

"ಆಡೋಣ. ಆದರೆ ನಿಲ್ಲಿಸಿದ ಕಡೆಯಿಂದಲೇ ಶುರುಮಾಡಬೇಕು" ಎಂದೆ. "ಗದ್ದುಗೆಯ ಮೇಲಿರುವವನು ಕರಿನಿಂಗ. ಗುರುಮಲ್ಲಪ್ಪನವರು ಮೆಟ್ಟಿಲ ಕೆಳಗೆ ನಿಂತು ನೀರು ಕೇಳಬೇಕು. ಅದೊಂದು ಬಾಕಿಯಿದೆ."

ಆ ಕಡೆ ಲಾರಿಯೊಂದು ಹಾರನ್ ಹಾಕುತ್ತ ಹೋಯಿತು. ಅದರ ಸದ್ದು ಅಡಗಿದ ಮೇಲೆ ಅವನು ಕೇಳಿದ: "ಈರುಳ್ಳಿ ಎಂಗವೆ ಮೇಷ್ಟ್ರೇ?"

"ಈರುಳ್ಳಿ ಒಳ್ಳೆಯದೇ" ಎಂದೆ. "ಆಯುವವರು ಸರಿಯಿಲ್ಲ."