ದೊಡ್ಡಬಸಪ್ಪ ಮಾಸ್ತರರ ಅನುಮಾನ

ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ದೊಡ್ಡಬಸಪ್ಪ ಮಾಸ್ತರರು ಯಾವುದನ್ನೂ ಸುಮ್ಮನೆ ನಂಬಿದವರಲ್ಲ. ಹಾಲಿನವನು ಬಂದರೆ ಬೆರಳದ್ದಿ ನೋಡುವರು. ಬಸ್ಸಿನ ಬೋರ್ಡು ಓದಿದ ಮೇಲೂ ‘ಖರೇನ ಮೋಕ ಊರಿಗೆ ಹೋಗತೈತೇನು?’ ಎಂದು ಕಂಡಕ್ಟರನನ್ನು ಕೇಳುವರು. ಎಪ್ಪತ್ತರ ದಶಕದಲ್ಲಿ ಹೊಸ ಪಠ್ಯಪುಸ್ತಕ ಬಂದಾಗ ಅವರ ಅನುಮಾನವೆಲ್ಲ ಸ್ನಾಯುವಿನ ಪಾಠದ ಮೇಲೆ ಬಿತ್ತು. ತೋಳು ಮಡಚಿದಾಗ ಸ್ನಾಯು ಗಿಡ್ಡವಾಗುತ್ತದೆ, ಆದರೆ ಅದರೊಳಗಿನ ದಪ್ಪ ಎಳೆಯಾಗಲಿ ತೆಳು ಎಳೆಯಾಗಲಿ ಗಿಡ್ಡವಾಗುವುದಿಲ್ಲ, ಒಂದರ ಸಂದಿಯಲ್ಲಿ ಇನ್ನೊಂದು ಜಾರಿ ಸೇರುತ್ತದೆ ಎಂದು ಅದರಲ್ಲಿತ್ತು. ‘ಎಳಿ ಕುಗ್ಗಂಗಿಲ್ಲಂತ, ಸ್ನಾಯು ಕುಗ್ಗತೈತಂತ! ಯಾರಿಗೆ ಹೇಳ್ತಾರ?’ ಎನ್ನುತ್ತ ಸಿಕ್ಕವರ ತೋಳು ಮಡಚಿಸಿ ಹಿಸುಕುವರು; ಹೆಡ್‌ಮಾಸ್ತರರೂ ತಪ್ಪಿಸಿಕೊಳ್ಳಲಿಲ್ಲ. ಮನೆಯಲ್ಲಿ ಮಾತ್ರ ಅವರು ಹಿಡಿಯುತ್ತಿದ್ದುದು ಲಕ್ವಾ ಹೊಡೆದಿದ್ದ ಹೆಂಡತಿ ಗುರುಬಸಮ್ಮನ ಬಲಗೈಯನ್ನು. ಮಿದುಳಿನ ಅಪ್ಪಣೆ ಬಾರದೆ ಯಾವ ಎಳೆಯೂ ಜಾರುವುದಿಲ್ಲವೆಂದು ಗೊತ್ತಿದ್ದೂ ದಿನಾ ಸಂಜೆ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುವರು. ಒಂದು ಸಂಜೆ ಕಿರುಬೆರಳು ಮಿಸುಕಿತು. ತಮ್ಮ ಕೈಯೇ ನಡುಗಿರಬೇಕೆಂದು ಥಟ್ಟನೆ ಕೈ ತೆಗೆದು ‘ಇನ್ನೊಮ್ಮಿ’ ಎಂದರು. ಬೆರಳು ನಿಧಾನವಾಗಿ ಮಡಚಿಕೊಂಡಿತು. ‘ಈಗಾದ್ರೂ ನಂಬ್ರಿ, ನಾನ ಮಡಚೀನಿ’ ಎಂದ ಗುರುಬಸಮ್ಮನ ಮುಂದೆ ಮಾಸ್ತರರು ಹೌದೆಂದು ತಲೆಯಾಡಿಸಿದರು.